ಸರ್ವರಿನ ಡಿಸ್ಕ್ ಸಮೂಹ ಕೈಕೊಟ್ಟಾಗ: ವರ್ತಕರು ತಿಳಿದಿರಬೇಕಾದ ಮೊದಲ ಗಂಟೆಯ ಕ್ರಮ

‘ರೇಡ್’ ಎಂಬ ಪದ ಕಿವಿಗೆ ಬಿದ್ದೊಡನೆ ವರ್ತಕನ ಎದೆ ಝಲ್ಲೆನ್ನುವುದು ಸಹಜ. ಆದರೆ ಪ್ರಸ್ತುತ ಲೇಖನದ ರೇಡ್‌ಗೂ ತೆರಿಗೆ ಇಲಾಖೆಯ ದಾಳಿಗೂ ಯಾವ ಸಂಬಂಧವೂ ಇಲ್ಲ. ಹಲವು ಅಗ್ಗದ ಡಿಸ್ಕುಗಳನ್ನು ಒಂದಾಗಿ ಜೋಡಿಸಿ, ಅವುಗಳಲ್ಲೊಂದು ಕೆಟ್ಟರೂ ದತ್ತಾಂಶ ಉಳಿಯುವಂತೆ ಮಾಡುವ ವ್ಯವಸ್ಥೆಗೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1988ರ ತಮ್ಮ ಪ್ರಬಂಧದಲ್ಲಿ ಕೊಟ್ಟ ಹೆಸರು ಇದು. ಒಂದು ಕಾಲಕ್ಕೆ ದೊಡ್ಡ ಕಂಪನಿಗಳ ಹವಾನಿಯಂತ್ರಿತ ಕೋಣೆಗಳಲ್ಲಿ ಮಾತ್ರ ಇದ್ದ ಈ ವ್ಯವಸ್ಥೆ ಈಗ ತಾಲ್ಲೂಕು ಕೇಂದ್ರದ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಯೂ ಕಾಣಸಿಗುತ್ತದೆ.

ಶಿಕಾರಿಪುರ, ಸೊರಬ ಸೀಮೆಯ ರೈತನಿಗೆ ಸರ್ವರಿನ ಪರಿಚಯ ಮಾಡಿಸಿದ್ದು ಬಹುಶಃ ಪಹಣಿ. ‘ಭೂಮಿ’ ಯೋಜನೆಯಡಿ 2000ದ ದಶಕದ ಆರಂಭದ ವರ್ಷಗಳಲ್ಲಿ ರಾಜ್ಯದ ಎಲ್ಲ ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕೀಕೃತಗೊಂಡು ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು. ‘ಸರ್ವರ್ ಡೌನ್’ ಎಂಬುದು ಹಳ್ಳಿಯವರ ಬಾಯಲ್ಲಿಯೂ ಆಡುಮಾತಾಯಿತು. ಸರಕಾರದ ಕಡತಗಳನ್ನು ಕಾಯಲು ದತ್ತಾಂಶ ಕೇಂದ್ರಗಳಿವೆ, ತರಬೇತಾದ ಸಿಬ್ಬಂದಿಯಿದ್ದಾರೆ. ಖಾಸಗಿ ವರ್ತಕನ ಸರ್ವರಿಗೆ ಇರುವ ಕಾವಲು ಯಾವುದು?

ಉದಾಹರಣೆಗೆಂದು ಒಬ್ಬ ವರ್ತಕನನ್ನು ಕಲ್ಪಿಸಿಕೊಳ್ಳಬಹುದು. ಅಂಬ್ಲಿಗೊಳ ಜಲಾಶಯದ ಅಚ್ಚುಕಟ್ಟಿನ ಭತ್ತ ಮತ್ತು ಅಡಿಕೆ, ಆಸುಪಾಸಿನ ಮಳೆಯಾಶ್ರಿತ ಹೊಲಗಳ ಮೆಕ್ಕೆಜೋಳ ಇವನ್ನು ಕೊಂಡು ಹೊರಗಿನ ಖರೀದಿದಾರರಿಗೆ ಕಳುಹಿಸುವುದು ಆತನ ವ್ಯಾಪಾರ. ಹೊರಗೆ ಹೋದ ಮಾಲಿನ ವಿವರ ಜಿಎಸ್‌ಟಿ ಜಾಲತಾಣದಲ್ಲಿ, ಇ-ವೇ ಬಿಲ್ಲಿನಲ್ಲಿ, ಖರೀದಿದಾರನ ಲೆಕ್ಕದಲ್ಲಿ ಹೇಗಾದರೂ ಸಿಗುತ್ತದೆ. ಒಳಗೆ ಬಂದ ಮಾಲಿನ ಕಥೆ ಬೇರೆ. ಬಿತ್ತನೆಯ ಕಾಲಕ್ಕೆ ರೈತ ಪಡೆದ ಮುಂಗಡ, ಕೊಯ್ಲಿನ ನಂತರ ಇಳಿಸಿದ ಮಾಲಿನ ತೂಕ, ತೇವಾಂಶಕ್ಕೆ ಹಿಡಿದ ಕಡಿತ, ಹಮಾಲಿ, ಮಗಳ ಮದುವೆಗೆ ಬೇಕೆಂದು ಅಂಗಡಿಯಲ್ಲಿಯೇ ಬಿಟ್ಟ ಬಾಕಿ ಇವೆಲ್ಲ ಇರುವುದು ಆ ಒಂದು ಸರ್ವರಿನಲ್ಲಿ ಮಾತ್ರ. ರೈತನ ಕೈಯಲ್ಲಿರುವ ತೂಕದ ಚೀಟಿಯ ಅಕ್ಷರ ಎರಡು ಮಳೆಗಾಲಕ್ಕೆ ಮಾಸಿರುತ್ತದೆ. ಆ ಲೆಕ್ಕ ಹೋದರೆ ಉಳಿಯುವುದು ಮಾತಿಗೆ ಮಾತು. ಎರಡು ಮೂರು ತಲೆಮಾರಿನ ವ್ಯವಹಾರ ಮುರಿದುಬೀಳಲು ಅಷ್ಟು ಸಾಕು.

ಪ್ಯಾರಿಟಿ ಎಂದರೆ ತಾಳೆಯ ಅಂಕಿ

ಡಿಸ್ಕ್ ಸಮೂಹದ ಕಾರ್ಯವಿಧಾನ ಲೆಕ್ಕ ಬರೆದವರಿಗೆ ಕಷ್ಟದ ವಿಷಯವಲ್ಲ. ಖರೀದಿ ಪಟ್ಟಿಯಲ್ಲಿ ಮೂವರು ರೈತರಿಗೆ ಪಾವತಿಯಾದ ಮೊತ್ತ ಕ್ರಮವಾಗಿ 4,250, 3,100 ಮತ್ತು 2,450 ರೂಪಾಯಿ. ಕೆಳಗೆ ಒಟ್ಟು 9,800 ಎಂದಿರಲಿ. ಎರಡನೆಯ ಅಂಕಿಯ ಮೇಲೆ ಶಾಯಿ ಚೆಲ್ಲಿದರೆ, ಒಟ್ಟು ಮೊತ್ತದಲ್ಲಿ ಉಳಿದೆರಡನ್ನು ಕಳೆದು ಅದು 3,100 ಎಂದು ಗುಮಾಸ್ತ ಹೇಳಬಲ್ಲ. ಎರಡು ಅಂಕಿಗಳು ಅಳಿಸಿಹೋದರೆ ಹೇಳಲಾರ. ರೇಡ್ 5ರಲ್ಲಿ ನಡೆಯುವುದು ಇದೇ. ‘ಒಟ್ಟು’ ಎಂಬುದರ ಸ್ಥಾನದಲ್ಲಿ ಪ್ಯಾರಿಟಿ ಎಂಬ ತಾಳೆಯ ಅಂಕಿ ಇರುತ್ತದೆ ಮತ್ತು ಅದು ಒಂದೇ ಡಿಸ್ಕಿನಲ್ಲಿರದೆ ಎಲ್ಲ ಡಿಸ್ಕುಗಳಲ್ಲಿ ಸರದಿಯಂತೆ ಹಂಚಿಕೆಯಾಗಿರುತ್ತದೆ. ರೇಡ್ 6ರಲ್ಲಿ ಬೇರೆ ಬೇರೆ ಸೂತ್ರದ ಎರಡು ತಾಳೆಯ ಅಂಕಿಗಳಿರುವುದರಿಂದ ಎರಡು ಡಿಸ್ಕುಗಳ ನಷ್ಟವನ್ನು ತಾಳಿಕೊಳ್ಳುತ್ತದೆ. ರೇಡ್ 1 ಸರಳವಾದದ್ದು: ಒಂದೇ ಕಿರ್ದಿಯನ್ನು ಎರಡು ಪುಸ್ತಕಗಳಲ್ಲಿ ಬರೆದಂತೆ. ರೇಡ್ 0 ಹೆಸರಿಗೆ ಮಾತ್ರ ರೇಡ್. ವೇಗಕ್ಕಾಗಿ ಇರುವ ಅದನ್ನು ಲೆಕ್ಕಪತ್ರಕ್ಕೆ ಬಳಸತಕ್ಕದ್ದಲ್ಲ.

ಉದಾಹರಣೆಯ ವರ್ತಕನ ಸರ್ವರಿನಲ್ಲಿ ತಲಾ 4 ಟೆರಾಬೈಟಿನ ನಾಲ್ಕು ಡಿಸ್ಕುಗಳು ರೇಡ್ 5ರಲ್ಲಿ ಇವೆ ಎಂದಿಟ್ಟುಕೊಂಡರೆ, ಒಂದು ಡಿಸ್ಕಿನಷ್ಟು ಸ್ಥಳ ಪ್ಯಾರಿಟಿಗೆ ಹೋಗಿ 12 ಟೆರಾಬೈಟ್ ಬಳಕೆಗೆ ಸಿಗುತ್ತದೆ. ನವೆಂಬರ್ ತಿಂಗಳ ಒಂದು ಬೆಳಿಗ್ಗೆ ಪೆಟ್ಟಿಗೆ ಕೀ ಕೀ ಎಂದು ಕೂಗತೊಡಗುತ್ತದೆ. ಒಂದು ಡಿಸ್ಕಿನ ದೀಪ ಹಸಿರಿನಿಂದ ಕಿತ್ತಳೆಗೆ ತಿರುಗಿದೆ. ಹೊರಗೆ ಮೆಕ್ಕೆಜೋಳದ ಟ್ರ್ಯಾಕ್ಟರುಗಳು ಸಾಲುಗಟ್ಟಿವೆ. ಬಿಲ್ ಬರುತ್ತಿದೆ, ತೂಕ ದಾಖಲಾಗುತ್ತಿದೆ. ಗುಮಾಸ್ತ ಕೂಗನ್ನು ನಿಲ್ಲಿಸುವ ಗುಂಡಿ ಒತ್ತುತ್ತಾನೆ. ಹತ್ತು ದಿನ ಎಲ್ಲವೂ ನೆಟ್ಟಗೆ ನಡೆಯುತ್ತದೆ. ಹನ್ನೊಂದನೆಯ ದಿನ ಎರಡನೆಯ ಡಿಸ್ಕು ಹೊರಬೀಳುತ್ತದೆ, ಸರ್ವರ್ ನಿಲ್ಲುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಲೆಕ್ಕ ಹೋದದ್ದು ಡಿಸ್ಕ್ ಕೆಟ್ಟದ್ದರಿಂದಲ್ಲ. ಮೊದಲ ಡಿಸ್ಕ್ ಕೆಟ್ಟಾಗ ವ್ಯವಸ್ಥೆ ತಾನು ಮಾಡಬೇಕಾದುದನ್ನು ಸರಿಯಾಗಿಯೇ ಮಾಡಿತು. ಕೆಡುಕಾದದ್ದು ಆ ಹತ್ತು ದಿನಗಳಲ್ಲಿ. ಇನ್ನೂ ಹೆಚ್ಚಿನ ಕೆಡುಕು ಆಗುವುದು ಹನ್ನೊಂದನೆಯ ದಿನದ ಮೊದಲ ಗಂಟೆಯಲ್ಲಿ, ಗಾಬರಿಯಿಂದ ಮಾಡುವ ಕೆಲಸಗಳಿಂದ.

ಈ ಸೀಮೆಯ ಹಳೆಯ ಕೆರೆಗಳಲ್ಲಿ ಒಂದರ ಕೋಡಿ ಮತ್ತೊಂದಕ್ಕೆ ಹರಿಯುವ ಸರಣಿಗಳಿವೆ. ಮೇಲಿನ ಕೆರೆಯ ಏರಿ ಒಡೆದರೆ ಅದರ ನೀರೆಲ್ಲ ಕೆಳಗಿನ ಕೆರೆಯ ಏರಿಯ ಮೇಲೆ ಬೀಳುತ್ತದೆ. ಡಿಸ್ಕ್ ಸಮೂಹದಲ್ಲಿಯೂ ಒಂದು ಡಿಸ್ಕ್ ಹೋದರೆ ಉಳಿದವುಗಳ ಮೇಲಿನ ಹೊರೆ ಹೆಚ್ಚುತ್ತದೆ. ಹೋದ ಅಂಕಿಯನ್ನು ಪ್ರತಿ ಸಲ ಲೆಕ್ಕ ಹಾಕಿ ಕೊಡಬೇಕಾದವು ಅವೇ. ಏರಿಯನ್ನು ಕಾಯಲು ನೀರುಗಂಟಿ ಇರುತ್ತಿದ್ದ. ಸರ್ವರಿಗೂ ಅಂತಹ ಒಬ್ಬನನ್ನು ಹೆಸರು ಹಿಡಿದು ನೇಮಿಸದಿದ್ದರೆ ಕಿತ್ತಳೆ ದೀಪವನ್ನು ಎಲ್ಲರೂ ನೋಡಿಯೂ ಯಾರೂ ನೋಡದಂತಾಗುತ್ತದೆ. ಕಂಟ್ರೋಲರಿನ ಎಚ್ಚರಿಕೆ ಮಾಲೀಕನ ಮೊಬೈಲಿಗೆ ಇ-ಮೇಲ್ ಮೂಲಕ ತಲುಪುವಂತೆ ಹೊಂದಿಸುವುದು ಅರ್ಧ ಗಂಟೆಯ ಕೆಲಸ; ಬಹುಪಾಲು ಕಡೆ ಅದನ್ನು ಮಾಡಿಸಿರುವುದಿಲ್ಲ.

ಮೊದಲ ಗಂಟೆ

ಒಂದೇ ಡಿಸ್ಕ್ ಕೆಟ್ಟು ಸರ್ವರ್ ಇನ್ನೂ ನಡೆಯುತ್ತಿದ್ದರೆ, ಮೊದಲು ಮಾಡಬೇಕಾದುದು ಹೊಸ ಡಿಸ್ಕ್ ಹಾಕುವುದಲ್ಲ, ಲೆಕ್ಕದ ಪ್ರತಿ ತೆಗೆಯುವುದು. ಸಮೂಹದ ಸಾಮರ್ಥ್ಯ 12 ಟೆರಾಬೈಟ್ ಇದ್ದರೂ ಅದರಲ್ಲಿ ಸಿಸಿಟಿವಿ ಚಿತ್ರ, ಸ್ಕ್ಯಾನ್ ಮಾಡಿದ ಕಾಗದ ಮುಂತಾದವೇ ಹೆಚ್ಚು. ಸಣ್ಣ ಸಂಸ್ಥೆಯ ಲೆಕ್ಕದ ಕಡತಗಳು ಸಾಮಾನ್ಯವಾಗಿ ಕೆಲವೇ ಗಿಗಾಬೈಟ್. ಲೆಕ್ಕದ ತಂತ್ರಾಂಶವನ್ನು ಎಲ್ಲ ಗಣಕಗಳಲ್ಲಿ ಮುಚ್ಚಿಸಿ, ಆ ಕಡತಗಳನ್ನು ಹೊರಗಿನ ಡಿಸ್ಕಿಗೆ ಇಳಿಸಲು ನಿಮಿಷಗಳು ಸಾಕು. ಇಳಿಸಿದ್ದನ್ನು ಬೇರೊಂದು ಗಣಕದಲ್ಲಿ ತೆರೆದು ನೋಡಿದ ಮೇಲೆ ಮಾತ್ರ ಮುಂದಿನ ಹೆಜ್ಜೆ. ಶಿವಮೊಗ್ಗದಿಂದ ಎಂಜಿನಿಯರು ಬರುವವರೆಗೆ ಕಾಯುವ ಹೊತ್ತಿನಲ್ಲಿ ಮಾಡಬಹುದಾದ ಅತ್ಯಂತ ಬೆಲೆಯುಳ್ಳ ಕೆಲಸ ಇದೊಂದೇ.

ನಂತರ ದಾಖಲೆ. ಲೆಕ್ಕ ಪರಿಶೋಧನೆಯಲ್ಲಿ ನಗದು ಎಣಿಸುವ ಮೊದಲು ಪೆಟ್ಟಿಗೆಯನ್ನು ಮುಟ್ಟದಂತೆ ನೋಡಿಕೊಳ್ಳುವ ಪದ್ಧತಿಯಿದೆಯಲ್ಲ, ಹಾಗೆ. ಯಾವ ಸ್ಥಾನದಲ್ಲಿ ಯಾವ ಕ್ರಮಸಂಖ್ಯೆಯ ಡಿಸ್ಕ್ ಇದೆ ಎಂಬುದನ್ನು ಬರೆದುಕೊಂಡು, ಪ್ರತಿಯೊಂದಕ್ಕೂ ಚೀಟಿ ಅಂಟಿಸಬೇಕು. ಪರದೆಯ ಮೇಲಿನ ಸಂದೇಶಗಳ ಛಾಯಾಚಿತ್ರ ತೆಗೆಯಬೇಕು. ಕಂಟ್ರೋಲರಿನ ಘಟನಾ ದಾಖಲೆಯನ್ನು, ಅಂದರೆ ಲಾಗ್ ಕಡತವನ್ನು, ಉಳಿಸಿಕೊಳ್ಳಬೇಕು. ಈ ದಾಖಲೆ ಇಲ್ಲದೆ ಮುಂದಿನ ಪತ್ತೆಕಾರ್ಯ ಊಹೆಯಾಗುತ್ತದೆ.

ಡಿಸ್ಕ್ ಬದಲಿಸುವಾಗ ಆಗುವ ಅತಿ ದೊಡ್ಡ ಅನಾಹುತ, ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನು ಎಳೆಯುವುದು. ‘ಮೂರನೆಯದು ಕೆಟ್ಟಿದೆ’ ಎಂದು ತಂತ್ರಾಂಶ ಹೇಳಿದರೆ ಅದು ಎಡದಿಂದ ಮೂರನೆಯದೋ, ಬಲದಿಂದಲೋ? ಎಣಿಕೆ ಸೊನ್ನೆಯಿಂದ ಆರಂಭವಾಗಿದ್ದರೆ ಅದು ನಾಲ್ಕನೆಯದು. ಆದುದರಿಂದ ಸ್ಥಾನವನ್ನು ನಂಬದೆ ಡಿಸ್ಕಿನ ಮೇಲಿನ ಕ್ರಮಸಂಖ್ಯೆಯನ್ನು ತಾಳೆ ನೋಡಬೇಕು. ನಿರ್ದಿಷ್ಟ ಡಿಸ್ಕಿನ ದೀಪವನ್ನು ಮಿನುಗಿಸುವ ಆಜ್ಞೆ ಬಹುತೇಕ ಕಂಟ್ರೋಲರುಗಳಲ್ಲಿದೆ. ಅದನ್ನು ಬಳಸದೆ ಕೈಹಾಕಬಾರದು. ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಅದಕ್ಕಿಂತ ಹೆಚ್ಚು ಸಾಮರ್ಥ್ಯದ್ದಾಗಿರಬೇಕು. ಕೊಂಚವೇ ಕಡಿಮೆಯಾದರೂ ಸಮೂಹ ಅದನ್ನು ಸೇರಿಸಿಕೊಳ್ಳದಿರಬಹುದು.

ಎರಡು ಡಿಸ್ಕುಗಳು ಬಿದ್ದಾಗ

ಸರ್ವರ್ ಪೂರ್ತಿ ನಿಂತ ಸಂದರ್ಭದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಎರಡೂ ಒಟ್ಟಿಗೆ ಬಿದ್ದವೇ, ಒಂದರ ನಂತರ ಒಂದು ಬಿದ್ದವೇ? ಉತ್ತರ ಲಾಗ್ ಕಡತದಲ್ಲಿದೆ.

ಒಂದೇ ಕ್ಷಣದಲ್ಲಿ ಎರಡು ಮೂರು ಡಿಸ್ಕುಗಳು ಕಾಣೆಯಾಗಿದ್ದರೆ ಡಿಸ್ಕುಗಳ ಮೇಲೆ ಸಂಶಯಪಡುವ ಮೊದಲು ಅವುಗಳಿಗೆ ಸಮಾನವಾಗಿರುವುದರ ಮೇಲೆ ಸಂಶಯಪಡಬೇಕು. ವಿದ್ಯುತ್ ಪೂರೈಸುವ ತಂತಿ, ಡಿಸ್ಕುಗಳನ್ನು ಸಿಕ್ಕಿಸುವ ಫಲಕ, ದತ್ತಾಂಶದ ಕೇಬಲ್, ಕಂಟ್ರೋಲರ್ ಇವುಗಳಲ್ಲಿ ಒಂದು ಸಡಿಲವಾದರೂ ಹಾಗಾಗುತ್ತದೆ. ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ‘ಸ್ಮಾರ್ಟ್’ ಎಂಬ ಪಟ್ಟಿಯಲ್ಲಿ ತಾನೇ ಬರೆದುಕೊಳ್ಳುತ್ತದೆ. ಅದರಲ್ಲಿ ಬದಲಿಸಿದ ಸೆಕ್ಟರುಗಳ ಸಂಖ್ಯೆ ಮತ್ತು ಓದಲಾಗದೆ ಬಾಕಿಯಿರುವ ಸೆಕ್ಟರುಗಳ ಸಂಖ್ಯೆ ಏರುತ್ತಿದ್ದರೆ ದೋಷ ಡಿಸ್ಕಿನದು. ಸಿಆರ್‌ಸಿ ದೋಷಗಳ ಸಂಖ್ಯೆ ಮಾತ್ರ ಏರುತ್ತಿದ್ದರೆ ದೋಷ ಬಹುತೇಕ ಕೇಬಲಿನದು. ಕೇಬಲ್ ಬದಲಿಸಿದರೆ ಸಾಕಾಗುವಲ್ಲಿ ಡಿಸ್ಕಿಗೆ ಹಣ ತೆತ್ತು, ತೊಂದರೆಯನ್ನೂ ಉಳಿಸಿಕೊಂಡವರಿದ್ದಾರೆ.

ಒಂದರ ನಂತರ ಒಂದು ಬಿದ್ದಿದ್ದರೆ, ಉದಾಹರಣೆಯ ವರ್ತಕನಲ್ಲಿ ಆದಂತೆ, ವಿಷಯ ಸೂಕ್ಷ್ಮ. ಮೊದಲು ಬಿದ್ದ ಡಿಸ್ಕು ಹತ್ತು ದಿನಗಳ ಹಿಂದೆ ಬರೆಯುವುದನ್ನು ನಿಲ್ಲಿಸಿದ ಖಾತಾಪುಸ್ತಕ. ನಂತರ ಬಿದ್ದದ್ದು ಇವತ್ತಿನವರೆಗೆ ಬರೆದ ಪುಸ್ತಕ. ಕೆಲವೊಮ್ಮೆ ಸರ್ವರನ್ನು ಆರಿಸಿ ಹಚ್ಚಿದಾಗ ಎರಡೂ ಜೀವ ಬಂದಂತೆ ಕಾಣುತ್ತವೆ. ಆಗ ಮೊದಲು ಬಿದ್ದದ್ದನ್ನು ಬಲವಂತವಾಗಿ ಸಮೂಹಕ್ಕೆ ಸೇರಿಸಿದರೆ ಹಳೆಯ ಅಂಕಿಗಳೂ ಹೊಸ ಅಂಕಿಗಳೂ ಬೆರೆತು, ತಾಳೆ ತಪ್ಪಿ, ಉಳಿದಿದ್ದ ದತ್ತಾಂಶವೂ ಕಲಸುಮೇಲೋಗರವಾಗುತ್ತದೆ. ಸೇರಿಸುವುದೇ ಆದರೆ ಕೊನೆಗೆ ಬಿದ್ದದ್ದನ್ನು ಸೇರಿಸಬೇಕು. ಮೊದಲು ಬಿದ್ದದ್ದನ್ನು ಹೊರಗೇ ಇಡಬೇಕು. ಇದಕ್ಕೂ ಮುಂಚೆ ಪ್ರತಿ ಡಿಸ್ಕಿನ ಸಂಪೂರ್ಣ ಪ್ರತಿಯನ್ನು, ಸೆಕ್ಟರಿಗೆ ಸೆಕ್ಟರಿನಂತೆ, ಬೇರೆ ಡಿಸ್ಕಿಗೆ ಇಳಿಸಿ, ಪ್ರಯೋಗವನ್ನೆಲ್ಲ ಆ ಪ್ರತಿಗಳ ಮೇಲೆಯೇ ಮಾಡುವುದು ಕ್ಷೇಮ. ಇದಕ್ಕೆ ‘ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶವೂ ಇದೆ. ಖರ್ಚು, ಸಮಯ ಎರಡೂ ತಗಲುತ್ತವೆ. ಲೆಕ್ಕದ ಬೇರೆ ಪ್ರತಿ ಇಲ್ಲದವರಿಗೆ ಮಾತ್ರ ಬೇರೆ ದಾರಿಯಿಲ್ಲ.

ಈ ಹಂತದಲ್ಲಿ ಪರದೆ ಕೇಳುವ ಕೆಲವು ಪ್ರಶ್ನೆಗಳಿಗೆ ‘ಹೌದು’ ಎನ್ನಲೇಬಾರದು. ಡಿಸ್ಕನ್ನು ‘ಇನಿಶಿಯಲೈಸ್’ ಮಾಡಲೇ ಎಂದರೆ ಅಳಿಸಲೇ ಎಂದರ್ಥ. ವಿಂಡೋಸ್ ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ಕೇಳುವುದೂ ಅದೇ ಬಗೆಯದು. ಕಂಟ್ರೋಲರ್ ಬದಲಿಸಿದಾಗ ಹೊಸದು ಹಳೆಯ ಡಿಸ್ಕುಗಳನ್ನು ಕಂಡು ‘ಫಾರಿನ್ ಕಾನ್ಫಿಗರೇಶನ್’ ಎನ್ನುತ್ತದೆ, ಅಂದರೆ ಪರಸ್ಥಳದ ಜೋಡಣೆ. ಅದಕ್ಕೆ ‘ಇಂಪೋರ್ಟ್’ ಎಂಬ ಉತ್ತರವೂ ಇದೆ, ‘ಕ್ಲಿಯರ್’ ಎಂಬ ಉತ್ತರವೂ ಇದೆ. ಮೊದಲನೆಯದು ಹಳೆಯ ಜೋಡಣೆಯನ್ನು ಸ್ವೀಕರಿಸುತ್ತದೆ, ಎರಡನೆಯದು ಜೋಡಣೆಯ ವಿವರವನ್ನು ಅಳಿಸುತ್ತದೆ. ಹಾಗೆಯೇ, ಸಮೂಹ ಸರಿಯಾಗಿ ಕೂಡಿದೆಯೆಂದು ಖಚಿತವಾಗುವ ಮೊದಲು ಕಡತ ವ್ಯವಸ್ಥೆಯನ್ನು ರಿಪೇರಿ ಮಾಡುವ ‘ಚೆಕ್‌ಡಿಸ್ಕ್’ನಂತಹ ಆಜ್ಞೆಗಳನ್ನು ಓಡಿಸಬಾರದು; ತಪ್ಪು ಜೋಡಣೆಯ ಮೇಲೆ ಅವು ಮಾಡುವ ‘ತಿದ್ದುಪಡಿ’ ಮರಳಿ ಸರಿಹೋಗುವುದಿಲ್ಲ.

ಪುನರ್ನಿರ್ಮಾಣದ ಗಣಿತ

ಹೊಸ ಡಿಸ್ಕಿಗೆ ಹಳೆಯ ಅಂಕಿಗಳನ್ನು ಲೆಕ್ಕ ಹಾಕಿ ತುಂಬುವುದಕ್ಕೆ ಪುನರ್ನಿರ್ಮಾಣ, ಎಂಜಿನಿಯರರ ಮಾತಿನಲ್ಲಿ ರೀಬಿಲ್ಡ್, ಎನ್ನುತ್ತಾರೆ. ಸೆಕೆಂಡಿಗೆ 100 ಮೆಗಾಬೈಟಿನಂತೆ ಬರೆದರೆ 4 ಟೆರಾಬೈಟಿಗೆ 40,000 ಸೆಕೆಂಡು, ಅಂದರೆ 11 ಗಂಟೆಗೂ ಹೆಚ್ಚು. ಹಗಲಿನ ವ್ಯಾಪಾರವೂ ಜೊತೆಗೆ ನಡೆದು ವೇಗ 30 ಮೆಗಾಬೈಟಿಗೆ ಇಳಿದರೆ 37 ಗಂಟೆ. ಈ ಅವಧಿಯಲ್ಲಿ ಉಳಿದ ಮೂರೂ ಡಿಸ್ಕುಗಳನ್ನು ಮೊದಲಿನಿಂದ ಕೊನೆಯವರೆಗೆ, ಒಟ್ಟು 12 ಟೆರಾಬೈಟ್, ಓದಬೇಕು. ಸಾಮಾನ್ಯ ದರ್ಜೆಯ ಹಲವು ಡಿಸ್ಕುಗಳ ವಿವರಪತ್ರದಲ್ಲಿ ಸುಮಾರು 12.5 ಟೆರಾಬೈಟ್ ಓದಿನಲ್ಲಿ ಒಂದು ಓದಲಾಗದ ದೋಷ ಬರಬಹುದೆಂಬ ಮಿತಿಯನ್ನು ಕಾಣಿಸಿರುತ್ತಾರೆ. ವಾಸ್ತವದಲ್ಲಿ ಡಿಸ್ಕುಗಳು ಇದಕ್ಕಿಂತ ಚೆನ್ನಾಗಿ ನಡೆಯುತ್ತವೆ. ಆದರೂ ಆ ಎರಡು ಅಂಕಿಗಳು ಅಷ್ಟು ಹತ್ತಿರ ಇರುವುದು ಸಮಾಧಾನದ ಸಂಗತಿಯಲ್ಲ. ದೊಡ್ಡ ಡಿಸ್ಕುಗಳಿಗೆ ರೇಡ್ 5ರ ಬದಲು ರೇಡ್ 6 ಅಥವಾ ರೇಡ್ 10 ಸೂಕ್ತವೆನ್ನುವುದಕ್ಕೆ ಕಾರಣ ಇದೇ. ತಿಂಗಳಿಗೊಮ್ಮೆ ಎಲ್ಲ ಡಿಸ್ಕುಗಳನ್ನು ಓದಿಸಿ ತಾಳೆ ನೋಡುವ ‘ಪೆಟ್ರೋಲ್ ರೀಡ್’ ಅಥವಾ ‘ಸ್ಕ್ರಬ್’ ವ್ಯವಸ್ಥೆಯನ್ನು ಚಾಲನೆಯಲ್ಲಿಟ್ಟರೆ, ಮೂಲೆಯಲ್ಲಿ ಅಡಗಿದ ಕೆಟ್ಟ ಸೆಕ್ಟರು ಪುನರ್ನಿರ್ಮಾಣದ ದಿನದವರೆಗೆ ಕಾದು ಕುಳಿತಿರುವುದಿಲ್ಲ.

ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ತಯಾರಿಕಾ ತಂಡದ ನಾಲ್ಕು ಡಿಸ್ಕುಗಳನ್ನು ಕೊಳ್ಳುವ ಪದ್ಧತಿಯೂ ಅಪಾಯದ್ದೇ. ಒಟ್ಟಿಗೆ ಹುಟ್ಟಿದವು ಒಟ್ಟಿಗೆ ಸವೆಯುತ್ತವೆ. 2019ರ ನವೆಂಬರಿನಲ್ಲಿ ಎಚ್‌ಪಿಇ ಕಂಪನಿ ತನ್ನ ಕೆಲವು ಎಸ್‌ಎಸ್‌ಡಿಗಳ ಬಗ್ಗೆ ಪ್ರಕಟಿಸಿದ ಎಚ್ಚರಿಕೆ ಇದಕ್ಕೆ ಒಳ್ಳೆಯ ನಿದರ್ಶನ. ಒಳಗಿನ ತಂತ್ರಾಂಶದ ದೋಷದಿಂದ ಅವು 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ, ನಡೆದೊಡನೆ ನಿಂತುಹೋಗುತ್ತಿದ್ದವು. ಒಳಗಿನ ದತ್ತಾಂಶವೂ ಮರಳುತ್ತಿರಲಿಲ್ಲ. ಒಂದೇ ದಿನ ಚಾಲನೆಗೊಂಡ ಡಿಸ್ಕುಗಳ ಸಮೂಹದಲ್ಲಿ ಇದರ ಪರಿಣಾಮವೇನೆಂದು ವಿವರಿಸಬೇಕಾಗಿಲ್ಲ. ತಂತ್ರಾಂಶವನ್ನು ನವೀಕರಿಸಿದವರ ಡಿಸ್ಕುಗಳು ಉಳಿದವು. 2020ರಲ್ಲಿ ಇನ್ನೊಂದು ಬಗೆಯ ವಿವಾದ ಎದ್ದಿತು: ಡಿಸ್ಕ್ ಸಮೂಹಗಳಿಗೆಂದೇ ಮಾರುತ್ತಿದ್ದ ಡಬ್ಲ್ಯುಡಿ ರೆಡ್ ಮಾಲಿಕೆಯ ಕೆಲವು ಡಿಸ್ಕುಗಳು ಪಥಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ ಎಸ್‌ಎಂಆರ್ ತಂತ್ರದವು ಎಂದು ಬಯಲಾಯಿತು. ಪುನರ್ನಿರ್ಮಾಣದಂತಹ ಎಡೆಬಿಡದ ಬರವಣಿಗೆಯಲ್ಲಿ ಈ ತಂತ್ರದ ಡಿಸ್ಕುಗಳು ತೀರಾ ನಿಧಾನವಾಗಬಲ್ಲವು. ಮನೆಬಳಕೆಯ ಸಾಮಾನ್ಯ ಡಿಸ್ಕುಗಳಿಗೂ ಒಂದು ಚಾಳಿಯಿದೆ: ಓದಲಾಗದ ಸೆಕ್ಟರನ್ನು ಬಹಳ ಹೊತ್ತು ಮತ್ತೆ ಮತ್ತೆ ಓದಲು ಯತ್ನಿಸುತ್ತವೆ, ಉತ್ತರ ಬಾರದ್ದನ್ನು ಕಂಡು ಕಂಟ್ರೋಲರ್ ಅವನ್ನು ಸತ್ತವೆಂದು ಬಗೆದು ಹೊರಹಾಕುತ್ತದೆ. ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಇಂತಹ ಡಿಸ್ಕುಗಳನ್ನು ಸರ್ವರಿಗೆ ಹಾಕಿಸುವುದು ಎಂತಹ ಉಳಿತಾಯವೋ ತಿಳಿಯದು.

ವಿದ್ಯುತ್ತಿನ ವಿಷಯ ಮಲೆನಾಡಿನ ಅಂಚಿನವರಿಗೆ ಹೇಳಿಕೊಡಬೇಕಾದುದಲ್ಲ. ಆದರೆ ಒಂದು ಸಂಗತಿ ಅನೇಕರ ಗಮನಕ್ಕೆ ಬಂದಿರಲಾರದು. ಕಂಟ್ರೋಲರಿನಲ್ಲಿ ಬರೆಯಬೇಕಾದ ಅಂಕಿಗಳನ್ನು ಕ್ಷಣಕಾಲ ಹಿಡಿದಿಡುವ ಸ್ಮೃತಿಯಿದ್ದು, ವಿದ್ಯುತ್ ಹೋದಾಗ ಅದನ್ನು ಕಾಯಲು ಪುಟ್ಟ ಬ್ಯಾಟರಿಯಿರುತ್ತದೆ. ಕೆಲವು ವರ್ಷಗಳಲ್ಲಿ ಆ ಬ್ಯಾಟರಿ ಸೋಲುತ್ತದೆ. ಆಗ ಕಂಟ್ರೋಲರ್ ಎಚ್ಚರಿಕೆಯಿಂದ ಪ್ರತಿಯೊಂದನ್ನೂ ನೇರವಾಗಿ ಡಿಸ್ಕಿಗೆ ಬರೆಯತೊಡಗುತ್ತದೆ. ನಿನ್ನೆಯವರೆಗೆ ಚುರುಕಾಗಿದ್ದ ಬಿಲ್ಲು ಇಂದು ತಡವರಿಸುತ್ತದೆ. ಬೈಗುಳ ಲೆಕ್ಕದ ತಂತ್ರಾಂಶಕ್ಕೆ ಬೀಳುತ್ತದೆ. ಸರ್ವರ್ ಕಾರಣವಿಲ್ಲದೆ ನಿಧಾನವಾದರೆ ಮೊದಲು ಈ ಬ್ಯಾಟರಿಯ ಸ್ಥಿತಿಯನ್ನು, ಅನಂತರ ಯಾವುದಾದರೂ ಒಂದು ಡಿಸ್ಕ್ ಉಳಿದವುಗಳಿಗಿಂತ ತಡವಾಗಿ ಉತ್ತರಿಸುತ್ತಿದೆಯೇ ಎಂಬುದನ್ನು ನೋಡತಕ್ಕದ್ದು.

ಸಮೂಹ ಬೇರೆ, ಬ್ಯಾಕಪ್ ಬೇರೆ

‘ರೇಡ್ ಇದೆ, ಬ್ಯಾಕಪ್ ಏಕೆ’ ಎಂಬ ವಾದ ವರ್ತಕರಲ್ಲಿ ಪ್ರಚಲಿತ. ಗುಮಾಸ್ತ ತಪ್ಪಿ ಒಂದು ಖಾತೆಯನ್ನು ಅಳಿಸಿದರೆ ಡಿಸ್ಕ್ ಸಮೂಹ ಆ ಅಳಿಸುವಿಕೆಯನ್ನೂ ಅಷ್ಟೇ ನಿಷ್ಠೆಯಿಂದ ಎಲ್ಲ ಡಿಸ್ಕುಗಳಲ್ಲಿ ನಿರ್ವಹಿಸುತ್ತದೆ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದರೂ ಹಾಗೆಯೇ. ಬೆಂಕಿ, ಸಿಡಿಲು, ಕಳವು ಇವಕ್ಕೆ ನಾಲ್ಕು ಡಿಸ್ಕುಗಳೂ ಒಂದೇ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿರುವ ಸರಕಾರಿ ದತ್ತಾಂಶ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಯಿಂದ ಹೊತ್ತಿದ ಬೆಂಕಿಗೆ ಸರಕಾರಿ ನೌಕರರ ಕಡತಗಳ ‘ಜಿ-ಡ್ರೈವ್’ ಸುಟ್ಟುಹೋಯಿತು. ಅದರಲ್ಲಿದ್ದ 858 ಟೆರಾಬೈಟ್ ದತ್ತಾಂಶಕ್ಕೆ ಹೊರಗೆ ಬೇರೆ ಪ್ರತಿ ಇರಲಿಲ್ಲ. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರುವ ದೇಶದ ಸ್ಥಿತಿ ಅದು.

ಕಾನೂನು ಕೂಡ ಇದನ್ನು ವರ್ತಕನ ಇಷ್ಟಕ್ಕೆ ಬಿಟ್ಟಿಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೆಯ ಪ್ರಕರಣದಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಪತ್ರ ಸಲ್ಲಿಸಲು ನಿಗದಿಯಾದ ದಿನದಿಂದ 72 ತಿಂಗಳು ಉಳಿಸಿಕೊಳ್ಳಬೇಕು. ಮೇಲ್ಮನವಿ ಮುಂತಾದವು ಬಾಕಿಯಿದ್ದರೆ ಇನ್ನೂ ಹೆಚ್ಚು ಕಾಲ. 2017ರ ನಿಯಮಗಳ 57ನೆಯ ನಿಯಮವು, ಅಪಘಾತ ಅಥವಾ ನೈಸರ್ಗಿಕ ಕಾರಣದಿಂದ ಇಲೆಕ್ಟ್ರಾನಿಕ್ ದಾಖಲೆ ನಾಶವಾದರೆ ಸಮಂಜಸ ಅವಧಿಯಲ್ಲಿ ಮರಳಿ ಪಡೆಯುವಂತೆ ಪ್ರತಿಯನ್ನು ಇಟ್ಟಿರಬೇಕೆಂದು ವಿಧಿಸುತ್ತದೆ. ಕಂಪನಿಗಳಿಗೆ 8 ವರ್ಷಗಳ ಅವಧಿಯಿದೆ. ಅಲ್ಲದೆ 2022ರ ಆಗಸ್ಟಿನ ತಿದ್ದುಪಡಿಯ ನಂತರ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದಲ್ಲಿಯೇ ಇರುವ ಸರ್ವರಿನಲ್ಲಿ ಪ್ರತಿದಿನವೂ ಇಡಬೇಕಾಗಿದೆ. ‘ಡಿಸ್ಕ್ ಕೆಟ್ಟಿತು’ ಎಂಬ ಉತ್ತರ ಅಧಿಕಾರಿಯ ಮುಂದೆ ನಿಲ್ಲುವುದು ಕಷ್ಟ.

ಸಣ್ಣ ವರ್ತಕನಿಗೆ ಮೂರು ಪ್ರತಿಗಳು ಸಾಕು: ಒಂದು ಸರ್ವರಿನಲ್ಲಿ, ಒಂದು ದಿನವೂ ಬರೆದು ತಂತಿ ಬಿಚ್ಚಿ ಕಪಾಟಿನಲ್ಲಿಡುವ ಹೊರಗಿನ ಡಿಸ್ಕಿನಲ್ಲಿ, ಒಂದು ಊರಾಚೆ ಅಥವಾ ಅಂತರಜಾಲದ ಸಂಗ್ರಹದಲ್ಲಿ. ಅಂತರಜಾಲದ ಸಂಪರ್ಕ ದುರ್ಬಲವಾದ ಹಳ್ಳಿಗಳಲ್ಲಿ ಇನ್ನೊಂದು ಡಿಸ್ಕನ್ನು ವಾರಕ್ಕೊಮ್ಮೆ ಮನೆಗೆ ಒಯ್ದರೂ ಆದೀತು. ಬ್ಯಾಕಪ್ ತೆಗೆದದ್ದರ ಪುರಾವೆ ಅದನ್ನು ಮರಳಿ ತೆರೆದು ನೋಡುವುದರಲ್ಲಿದೆ. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಗಣಕದಲ್ಲಿ ತೆರೆದು, ಹಿಂದಿನ ತಿಂಗಳ ಕೊನೆಯ ದಿನದ ತಾಳೆಪಟ್ಟಿಯನ್ನು ಮುದ್ರಿಸಿ, ಸರ್ವರಿನ ತಾಳೆಪಟ್ಟಿಯೊಡನೆ ಹೋಲಿಸಬೇಕು. ಜೊತೆಗೆ ಐದಾರು ರೈತರ ಖಾತೆಗಳನ್ನು ಆರಿಸಿ ಮುಂಗಡ ಮತ್ತು ಬಾಕಿಯನ್ನು ಸಾಲು ಸಾಲಾಗಿ ನೋಡಬೇಕು. ಎರಡೂ ಹಾಳೆಗಳಿಗೆ ದಿನಾಂಕ ಹಾಕಿ, ಸಹಿ ಮಾಡಿ, ಕಡತದಲ್ಲಿಟ್ಟರೆ ಲೆಕ್ಕ ಪರಿಶೋಧಕರಿಗೂ ಕೆಲಸ ಹಗುರ.

ಬದಲಿಸಿದ ಹಳೆಯ ಡಿಸ್ಕಿನ ವಿಲೇವಾರಿಯೊಂದು ಉಳಿಯಿತು. ಕೆಟ್ಟಿದೆಯೆಂದು ಗುಜರಿಗೆ ಹಾಕುವಂತಿಲ್ಲ. ರೇಡ್ 1ರಿಂದ ತೆಗೆದ ಡಿಸ್ಕಿನಲ್ಲಿ ಲೆಕ್ಕದ ಪೂರ್ಣ ಪ್ರತಿಯೇ ಇರುತ್ತದೆ. ರೇಡ್ 5ರದ್ದರಲ್ಲಿಯೂ ತುಣುಕು ತುಣುಕಾಗಿ ಹೆಸರುಗಳು, ಬ್ಯಾಂಕ್ ಖಾತೆಯ ಸಂಖ್ಯೆಗಳು ಓದಲು ಸಿಗುತ್ತವೆ. ವಾರಂಟಿಗಾಗಿ ಮರಳಿಸಬೇಕಾದಲ್ಲಿ, ಕೆಟ್ಟ ಡಿಸ್ಕನ್ನು ಗ್ರಾಹಕನೇ ಉಳಿಸಿಕೊಳ್ಳಬಹುದಾದ ಕರಾರು ಇದೆಯೇ ಎಂದು ಕೊಳ್ಳುವಾಗಲೇ ಕೇಳಿಕೊಳ್ಳಬೇಕು. ಇಲ್ಲವಾದರೆ ಊರಿನ ವೆಲ್ಡಿಂಗ್ ಅಂಗಡಿಯ ಡ್ರಿಲ್ಲಿನಿಂದ ಒಳಗಿನ ತಟ್ಟೆಗಳನ್ನು ನಾಲ್ಕೈದು ಕಡೆ ತೂತು ಹೊಡೆಸಿ, ಆ ಕ್ರಮಸಂಖ್ಯೆಯ ಡಿಸ್ಕ್ ಇಂತಹ ದಿನ ನಾಶವಾಯಿತೆಂದು ಸ್ಥಿರಾಸ್ತಿ ದಾಖಲೆ ಪುಸ್ತಕದಲ್ಲಿ ಬರೆಯತಕ್ಕದ್ದು.